ಟೋಟಲ್ ಲಾಸ್ ಅಂದ ಗಾಡಿನ ನಾವೇ ಇಟ್ಕೊಂಡು ರಿಪೇರಿ ಮಾಡಿಸ್ಬಹುದಾ? ಆರ್‌ಸಿ ಉಳಿಯುತ್ತಾ?

ಹೊರಮಾವು ಹುಡುಗ · ಜೂನ್ 3, 2025

ಎಲ್ರಿಗೂ ನಮಸ್ಕಾರ. ಉದ್ದ ಇದೆ, ಆದ್ರೂ ದಯವಿಟ್ಟು ಪೂರ್ತಿ ಓದಿ ಹೇಳಿ, ಶುಕ್ರವಾರದೊಳಗೆ ಸೈನ್ ಹಾಕಿ ಕೊಡಿ ಅಂತ ಇನ್ಶೂರೆನ್ಸ್‌ನವರು ದಿನಾ ಫೋನ್ ಮಾಡ್ತಿದಾರೆ.

ನಮ್ಮ ಮನೆ ಸಾಯಿ ಲೇಔಟ್ ಹತ್ರ. ಮೇ 18ರ ರಾತ್ರಿ ಸುರಿದ ಮಳೆ ಗೊತ್ತಲ್ಲ, ಬೆಳಗ್ಗೆ ಎದ್ದಾಗ ಗೇಟ್ ಒಳಗೇ ಗಾಡಿ ಸ್ಟೀರಿಂಗ್ ಕೆಳಗಿನ ಮಟ್ಟಕ್ಕೆ ಮುಳುಗಿತ್ತು, ನೀರು ಇಳಿಯೋಕೆ ಎರಡು ದಿನ ಬೇಕಾಯ್ತು. ಪುಣ್ಯಕ್ಕೆ ಯಾರೂ ಸೆಲ್ಫ್ ಹೊಡೀಲಿಲ್ಲ, ಅಪ್ಪಾನೇ ಮಹಡಿ ಮೇಲಿಂದ ಕೂಗಿ ಹೇಳಿದ್ರು ಕೀ ಮುಟ್ಬೇಡ ಅಂತ.

2019 ವ್ಯಾಗನ್ ಆರ್, 1.2, ಎಜಿಎಸ್ (ಕ್ಲಚ್ ಇಲ್ಲದ ಆಟೋ ಗೇರ್). ಐಡಿವಿ, ಅಂದ್ರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿರೋ ಬೆಲೆ, 3,60,000. ವರ್ಕ್‌ಶಾಪ್ ಎಸ್ಟಿಮೇಟ್ 3,38,000. ಸರ್ವೇಯರ್ ಬಂದು ಫೋಟೋ ತಗೊಂಡು ಹೋದ್ರು, ಆಮೇಲೆ ಫೋನಲ್ಲೇ "ಸರ್ ನಿಮ್ದು ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್" ಅಂದ್ರು, ಅಂದ್ರೆ ರಿಪೇರಿ ಖರ್ಚು ಜಾಸ್ತಿ, ಪೂರ್ತಿ ಹೋದ ಗಾಡಿ ಲೆಕ್ಕ ಅಂತ. ಗಾಡಿ ಬಿಟ್ಟುಕೊಟ್ರೆ 3,59,000 ಬರುತ್ತೆ. ಗಾಡಿ ನಾವೇ ಇಟ್ಕೊಂಡ್ರೆ ಎರಡು ಲೆಕ್ಕ ಹೇಳ್ತಿದಾರೆ, ಆರ್‌ಸಿ ಸಮೇತ ಆದ್ರೆ ಸಾಲ್ವೇಜ್ (ಹಾಳಾದ ಗಾಡಿಯ ಉಳಿಕೆ ಬೆಲೆ) 1,30,000 ಕಳೆದು 2,29,000, ಆರ್‌ಸಿ ಇಲ್ದೆ ಆದ್ರೆ ಸಾಲ್ವೇಜ್ 95,000 ಮಾತ್ರ ಕಳೆದು 2,64,000. ಫೋನ್ ಮಾಡೋರು ಎರಡನೇದನ್ನೇ ತಗೊಳಿ, 35,000 ಜಾಸ್ತಿ ಸಿಗುತ್ತಲ್ಲ ಅಂತಾರೆ.

ಯಾಕೆ ಬಿಟ್ಟುಕೊಡ್ತಿಲ್ಲ ಅಂದ್ರೆ, ಅಪ್ಪನಿಗೆ ಚಿಕ್ಕಂದಿನಿಂದ ಎರಡೂ ಕಾಲಿಗೆ ಪೋಲಿಯೊ. ಈ ಗಾಡಿಗೆ ಕೈಯಲ್ಲೇ ಬ್ರೇಕು ಆಕ್ಸಿಲರೇಟರ್ ಹಾಕ್ಸಿ, ಆರ್‌ಟಿಒದಲ್ಲಿ ತೋರ್ಸಿ, ಆರ್‌ಸಿಯಲ್ಲಿ ಎಂಟ್ರಿ ಮಾಡ್ಸಿ, ಅವರ ಲೈಸೆನ್ಸಿಗೂ ಅದಕ್ಕೆ ತಕ್ಕಂಗೆ ಮಾಡ್ಸಿ, ಎಲ್ಲಾ ಮುಗಿಯೋಕೆ ಏಳು ತಿಂಗಳು ಓಡಾಡಿದೀವಿ. ಬೇರೆ ಗಾಡಿ ಅಂದ್ರೆ ಅಷ್ಟೂ ಮತ್ತೆ ಮೊದಲಿಂದ. ಅಷ್ಟು ದಿನ ಅವರು ಮನೇಲೇ ಕೂರ್ಬೇಕು. ಬ್ಯಾಂಕಿಗೂ ದೇವಸ್ಥಾನಕ್ಕೂ ನನ್ನನ್ನೇ ಕಾಯ್ಬೇಕು, ಅದು ಅವರಿಗೆ ಆಗಲ್ಲ.

ಯಾವುದಕ್ಕೆ ಸೈನ್ ಹಾಕ್ಲಿ?

ಗೋಕಾಕ ಮಂದಿ · ಜೂನ್ 3

ಅಣ್ಣಾರ, ಆ ಎರಡನೇದಕ್ಕ ಸೈನ್ ಹಾಕಬ್ಯಾಡ್ರಿ. ಕೈ ಮುಗದ ಹೇಳ್ತೇನಿ.

2019 ಆಗಸ್ಟದಾಗ ಘಟಪ್ರಭಾ ಬಂದು ನಮ್ಮ ಊರಿಗೆ ಊರ ಮುಳುಗಿತ್ತು, ನಮ್ಮ ಸ್ವಿಫ್ಟ್ ಡೀಸೆಲ್ ಮನಿ ಮುಂದ ಮ್ಯಾಲಿನ ತನಕ ನೀರಾಗ ಇತ್ತು. ಅವಾಗ ನನಗೂ ಹಿಂಗ ಎರಡ ರೇಟ ಹೇಳಿದ್ರು. ನಾ ಏನ್ ತಿಳಕೊಂಡೆ ಅಂದ್ರ ಗಾಡಿನೂ ನಮ್ಮ ಕಡೆ ಉಳೀತೈತಿ, ರೊಕ್ಕಾನೂ ಜಾಸ್ತಿ ಬರ್ತೈತಿ, ಇದ ಚಲೋ ಅಂತ. ನಾಲ್ಕ ಕಾಗದ ಇದ್ವು, ಎರಡ ಖಾಲಿ ಇದ್ವು, ಎಲ್ಲಾದಕ್ಕೂ ಸೈನ್ ಹಾಕಿ ಕೊಟ್ಟೆ. ಒರಿಜಿನಲ್ ಆರ್‌ಸಿ ಇಸಗೊಂಡ ಹೋದ್ರು. ನಾ ಹುಬ್ಬಳ್ಳಿಯಾಗ ಮೆಕ್ಯಾನಿಕ್ ಕಡೆ ಒಂದ ಲಕ್ಷ ನಲವತ್ತ ಸಾವಿರ ಸುರದ ಗಾಡಿ ತಯಾರ ಮಾಡಿಸಿದೆ, ಚಲೋನ ಆತು, ಇಂಜಿನ್ ಏನ್ ಸದ್ದು ಅಂತೀರಿ. ಇನ್ಶೂರೆನ್ಸ್ ಮಾಡಸಾಕ ಹೋದ್ರ ನಂಬರ್ ಹಾಕಿದ ಕೂಡಲೇ ಆರ್‌ಸಿ ಕ್ಯಾನ್ಸಲ್ ಅಂತ ತೋರಸ್ತು. ಆರ್‌ಟಿಒಕ್ಕ ಹೋದೆ. "ಈ ಗಾಡಿ ಓಡಾಕ ಬರಂಗಿಲ್ಲ ಅಂತ ನೀವ ಬರದ ಕೊಟ್ಟೀರಲ್ಲರಿ" ಅಂದ್ರು. ನನ್ನ ಸೈನ್ ತೋರಸಿದ್ರು.

ಆರ ವರ್ಷ ಆತು, ಬೇವಿನ ಗಿಡದ ಕೆಳಗ ನಿಂತೈತಿ. ಚಾಲೂ ಆಗ್ತೈತಿ, ರೋಡಿಗೆ ಇಳಸಾಕ ಬರಂಗಿಲ್ಲ.

ಹೊರಮಾವು ಹುಡುಗ · ಜೂನ್ 3

ಅಯ್ಯೋ. ಆರ್‌ಸಿ ಇಲ್ದೆ ಅಂದ್ರೆ ಇದಾ ಅರ್ಥ? ನಾನು ಒರಿಜಿನಲ್ ಕಾರ್ಡ್ ಅವರ ಹತ್ರ ಇರುತ್ತೆ, ಡೂಪ್ಲಿಕೇಟ್ ತಗೋಬಹುದು ಅಂದ್ಕೊಂಡಿದ್ದೆ. ಅವರೂ ಬಿಡಿಸಿ ಹೇಳ್ಲಿಲ್ಲ.

ಸರ್ವೇ ಕೆಲಸದವ · ಜೂನ್ 3

ನಾನು 14 ವರ್ಷ ಮೋಟಾರ್ ಸರ್ವೇ ಮಾಡಿದೀನಿ, ಈಗ ಬಿಟ್ಟಿದೀನಿ. ಗೋಕಾಕದವರು ಹೇಳಿದ್ದು ಅಕ್ಷರಶಃ ನಿಜ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 55 ಅಂತ ಇದೆ, ಗಾಡಿ ನಾಶ ಆದ್ರೆ ಅಥವಾ ಇನ್ನು ಯಾವತ್ತೂ ಓಡಿಸೋಕಾಗದ ಸ್ಥಿತಿಗೆ ಬಂದ್ರೆ ಓನರ್ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸ್ಬೇಕು, ಅವರು ರಿಜಿಸ್ಟ್ರೇಷನ್ ರದ್ದು ಮಾಡ್ತಾರೆ. "ಆರ್‌ಸಿ ಇಲ್ದೆ" ಅನ್ನೋ ಸೆಟಲ್‌ಮೆಂಟಲ್ಲಿ ನಿಮ್ಮ ಕೈಯಲ್ಲಿ ಬರೆಸಿಕೊಳ್ಳೋದು ಇದನ್ನೇ. ಆಮೇಲೆ ನಿಮ್ಮ ಹತ್ರ ಉಳಿಯೋದು ಗಾಡಿ ಅಲ್ಲ, ಬಿಡಿಭಾಗಗಳ ರಾಶಿ. ಅದಕ್ಕೇ ಬಿಡ್ ಹಾಕೋರು ಆರ್‌ಸಿ ಇಲ್ದಿದ್ರೆ 95 ಕೊಡ್ತಾರೆ, ಇದ್ರೆ 1,30 ಕೊಡ್ತಾರೆ. ನಿಮಗೆ ಹೆಚ್ಚು ಕಾಣ್ತಿರೋ ಆ 35,000 ನಿಮ್ಮ ಆರ್‌ಸಿಯ ಬೆಲೆ.

ಕಂಪನಿಗಳು ಆರ್‌ಸಿ ಕೇಳೋದಕ್ಕೂ ಒಂದು ಕಾರಣ ಇದೆ, ಅದನ್ನೂ ಹೇಳ್ಬೇಕು. ಟೋಟಲ್ ಲಾಸ್ ಗಾಡಿಯ ಆರ್‌ಸಿ ಮತ್ತೆ ಚಾಸಿಸ್ ನಂಬರ್ ತಗೊಂಡು ಅದೇ ಮಾಡೆಲ್‌ನ ಕದ್ದ ಗಾಡಿಗೆ ಹಚ್ಚಿ ಮಾರೋ ದಂಧೆ ನಮ್ಮ ದೇಶದಲ್ಲಿ ತುಂಬಾ ವರ್ಷದಿಂದ ಇದೆ. ಅದಕ್ಕೆ ಬಿಗಿ ಬೇಕು. ಆದ್ರೆ ತನ್ನ ಗಾಡಿನ ತಾನೇ ರಿಪೇರಿ ಮಾಡಿಸಿ ಓಡಿಸ್ತೀನಿ ಅನ್ನೋ ಓನರಿಗೆ ದಾರಿ ಮುಚ್ಚಬಾರ್ದು.

ಈಗ ಮುಖ್ಯ ವಿಷಯ. ನಿಮ್ಮ ಗಾಡಿ ನಿಜವಾಗ್ಲೂ ಟೋಟಲ್ ಲಾಸಾ ಅಂತ ಮೊದಲು ಕೇಳಿ. ಎಲ್ರೂ ಹೇಳೋದು ಐಡಿವಿಯ 75% ದಾಟಿದ್ರೆ ಟೋಟಲ್ ಲಾಸ್ ಅಂತ. ನಿಮ್ದು 3,60,000ಕ್ಕೆ 75% ಅಂದ್ರೆ 2,70,000. ಎಸ್ಟಿಮೇಟ್ 3,38,000, ಸೋ ದಾಟ್ತು, ಮುಗೀತು ಅನ್ಸುತ್ತೆ. ಆದ್ರೆ ಪಾಲಿಸಿಯಲ್ಲಿ ಬರ್ದಿರೋದು ಓದಿ, ರಿಪೇರಿ ಖರ್ಚು "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು" 75% ದಾಟ್ಬೇಕು ಅಂತ ಇದೆ. ಅಂದ್ರೆ ವರ್ಕ್‌ಶಾಪ್ ಕೊಟ್ಟ ಎಸ್ಟಿಮೇಟ್ ಅಲ್ಲ, ಸರ್ವೇಯರ್ ಅಸೆಸ್ ಮಾಡಿದ ಮೊತ್ತ, ಡಿಪ್ರಿಸಿಯೇಷನ್ (ಭಾಗ ಹಳೇದಾಗಿದ್ದಕ್ಕೆ ಕಡಿತ) ಎಲ್ಲ ಕಳೆದಿದ್ದು. ನಾನು ಹಾಗೇ ಓದ್ತೀನಿ, ಕೆಲವು ಕಂಪನಿಯವರು ಒಪ್ಪಲ್ಲ, ಅದಕ್ಕೇ ಕೇಳ್ಬೇಕು ಅನ್ನೋದು. ನಿಮ್ಮ ಗಾಡಿಗೆ 5 ವರ್ಷ ದಾಟಿದೆ, ಝೀರೋ ಡೆಪ್ (ಈ ಕಡಿತ ಇಲ್ಲದ ಪಾಲಿಸಿ) ಇರಲ್ಲ ಅನ್ಕೋತೀನಿ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್‌ಗೆ 50% ಕಡಿತ, ಕಬ್ಬಿಣದ ಭಾಗಕ್ಕೆ 5ರಿಂದ 10 ವರ್ಷದ ಗಾಡಿಗೆ 40% ಕಡಿತ, ಗಾಜಿಗೆ ಕಡಿತ ಇಲ್ಲ. ಇದೆಲ್ಲ ಹೋದ್ಮೇಲೆ ಎಷ್ಟು ಉಳಿಯುತ್ತೆ ನೋಡಿ.

ಸರ್ವೇ ರಿಪೋರ್ಟ್ ಕಾಪಿ ಇಮೇಲಲ್ಲಿ ಕೇಳಿ. ಫೋನಲ್ಲಿ ಏನೂ ಒಪ್ಕೋಬೇಡಿ. ಎಲ್ಲಾ ಆಪ್ಷನ್ನೂ, ಅಂದ್ರೆ ರಿಪೇರಿ ಬೇಸಿಸ್, ಕ್ಯಾಶ್ ಲಾಸ್, ಆರ್‌ಸಿ ಸಮೇತ ನೆಟ್ ಆಫ್ ಸಾಲ್ವೇಜ್, ಆರ್‌ಸಿ ಇಲ್ದೆ, ಪೂರ್ತಿ ಬಿಟ್ಟುಕೊಡೋದು, ಒಂದೊಂದಕ್ಕೂ ಮೊತ್ತ ಬರೆದು ಕೊಡಿ ಅನ್ನಿ.

ಹೊರಮಾವು ಹುಡುಗ · ಜೂನ್ 3

ಕ್ಯಾಶ್ ಲಾಸ್ ಅನ್ನೋ ಪದಾನೇ ಅವರು ಎತ್ತಿಲ್ಲ ಸರ್. ಅದೇನು?

ಸರ್ವೇ ಕೆಲಸದವ · ಜೂನ್ 3

ಅಸೆಸ್ ಮಾಡಿದ ನಷ್ಟದ ಮೇಲೆ ಮಾತುಕತೆ ಆಡಿ ಒಂದು ಮೊತ್ತಕ್ಕೆ ಬರ್ತಾರೆ, ದುಡ್ಡು ನಿಮಗೆ ಕೊಡ್ತಾರೆ, ಗಾಡಿ ಎಲ್ಲಿ ಹೇಗೆ ರಿಪೇರಿ ಮಾಡಿಸ್ತೀರೋ ನಿಮ್ಮಿಷ್ಟ, ಆರ್‌ಸಿ ಮುಟ್ಟಲ್ಲ. ಐಡಿವಿಗಿಂತ ತುಂಬಾ ಕಮ್ಮಿ ಬರುತ್ತೆ. ಕೇಳಿದ್ರೆ ಮಾತ್ರ ಬರುತ್ತೆ, ಕೇಳ್ದೆ ಇದ್ರೆ ಇಲ್ಲ. ನಮ್ಮ ಸ್ಟ್ಯಾಂಡರ್ಡ್ ಪಾಲಿಸಿಯಲ್ಲೇ ಟೋಟಲ್ ಲಾಸ್‌ಗೆ ಕಂಪನಿಯ ಹೊಣೆ "ಐಡಿವಿ ಮೈನಸ್ ಗಾಡಿ ಉಳಿಕೆಯ ಬೆಲೆ" ಅಂತ ಇದೆ, ರಿಪೇರಿ ಮಾಡ್ಸೋದೋ ನಗದು ಕೊಡೋದೋ ಅನ್ನೋ ಆಯ್ಕೆ ಮಾತ್ರ ಕಂಪನಿಯದ್ದು. ಹಾಗಾಗಿ ಕೇಳೋ ಧಾಟಿ ಗಟ್ಟಿಯಾಗಿರ್ಲಿ, ಜಗಳ ಬೇಡ.

ಕುಡ್ಲದ ಡ್ರೈವರ್ · ಜೂನ್ 4

ನೀರಿನ ಗಾಡಿ ಬೇರೆ, ಬಡಿದ ಗಾಡಿ ಬೇರೆ ಮಾರಾಯ್ರೆ, ಓದುವವರಿಗೆ ಗೊತ್ತಿರಲಿ ಅಂತ ನನ್ನದೂ ಬರೆಯುತ್ತೇನೆ. ಶಿರಾಡಿ ಘಾಟಿಯಲ್ಲಿ ಮಳೆಗೆ ಜಾರಿ ನನ್ನ ಆಲ್ಟೊ ಎದುರಿನ ಲಾರಿಯ ಮೂಲೆಗೆ ತಾಗಿ ಎಡಗಡೆ ಏಪ್ರನ್ ಎಲ್ಲ ಒಳಗೆ ಹೋಗಿತ್ತು. ಟೋಟಲ್ ಲಾಸ್ ಅಂದರು, ನಾನು ಹಠ ಮಾಡಿ ಇಟ್ಟುಕೊಂಡೆ, ಕಟ್ ಮಾಡಿ ವೆಲ್ಡ್ ಮಾಡಿಸಿದೆ. ನೋಡಲಿಕ್ಕೆ ಹೊಸತೇ. ಆದರೆ ವೀಲ್ ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ನಿಲ್ಲುವುದೇ ಇಲ್ಲ, ಎಡ ಟಯರು ಒಳಗಡೆಯಿಂದ ತಿಂದು ಹೋಗುತ್ತಿತ್ತು, 80ರಲ್ಲಿ ಬ್ರೇಕ್ ಹಿಡಿದರೆ ಎಳೆಯುತ್ತಿತ್ತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ನನಗೆ ಹೆದರಿಕೆ ಬರಲಿಕ್ಕೆ ಶುರುವಾಯಿತು. ಎರಡು ವರ್ಷಕ್ಕೆ ಗುಜರಿಗೇ ಕೊಟ್ಟೆ, ಬೇರೆಯವರ ತಲೆಗೆ ಕಟ್ಟಲಿಕ್ಕೆ ಮನಸ್ಸು ಬರಲಿಲ್ಲ. ಹಣವೂ ಹೋಯಿತು, ಗಾಡಿಯೂ ಹೋಯಿತು. ಆ ದಿನ ಬಿಟ್ಟುಕೊಟ್ಟಿದ್ದರೆ ಆಗುತ್ತಿತ್ತು.

ಟಿಂಕರ್ ಮಗ · ಜೂನ್ 4

ಕುಡ್ಲದಣ್ಣ ಹೇಳಿದ್ದು ಸರಿ. ಶಿವಾಜಿನಗರದಲ್ಲಿ ನಮ್ಮಪ್ಪನ ಕಾಲದಿಂದ ಗ್ಯಾರೇಜು ನಮ್ದು. ಟಿಂಕರಿಂಗಲ್ಲಿ ಕಣ್ಣಿಗೆ ಕಾಣೋ ಹಂಗೆ ಏನ್ ಬೇಕಾದ್ರೂ ಮಾಡಬಹುದು. ಆದ್ರೆ ಪಿಲ್ಲರ್ ಬಗ್ಗಿದ್ರೆ, ಚಾಸಿಸ್ ಮೆಂಬರ್ ಮಡಚಿದ್ರೆ, ಜಿಗ್ ಮೇಲೆ ಕೂರಿಸಿ ಅಳತೆ ತೆಗೆದು ಎಳೆದ್ರೆ ಮಾತ್ರ ಸರಿ ಬರೋದು, ಬರೀ ಸುತ್ತಿಗೆ ಚೈನಲ್ಲಿ ಬರಲ್ಲ. ಏರ್‌ಬ್ಯಾಗ್ ಒಡೆದಿದ್ರೆ ಬ್ಯಾಗು, ಮಾಡ್ಯೂಲು, ಬೆಲ್ಟು, ಸೆನ್ಸರು ಎಲ್ಲಾ ಹೊಸದು ಹಾಕ್ಬೇಕು, ಆ ದುಡ್ಡಿಗೇ ಟೋಟಲ್ ಲಾಸ್ ಆಗೋದು ತುಂಬಾ ಗಾಡಿಗಳು. ಕೆಲವರು ಬ್ಯಾಗ್ ಹಾಕ್ದೆ ಮೇಲೆ ಕವರ್ ಮಾತ್ರ ಕೂರಿಸಿ ಮೀಟರಲ್ಲಿ ಲೈಟ್ ಆಫ್ ಮಾಡಿ ಕೊಡ್ತಾರೆ. ನಮ್ಮ ಗ್ಯಾರೇಜಿಗೂ ಬಂದು ಮಾಡಿಕೊಡಿ ಅಂತ ಕೇಳಿದ್ದಾರೆ, ನಮ್ಮಪ್ಪ ಓಡಿಸಿದ್ದಾರೆ.

ನೀರಿನ ಗಾಡಿದು ಬೇರೆ ಕಥೆ. ಬಾಡಿ ನೆಟ್ಟಗಿರುತ್ತೆ, ಕೆಲಸ ಪೂರ್ತಿ ವೈರಿಂಗಲ್ಲಿ. ಹೊರಮಾವು ಬ್ರದರ್, ಗಾಡಿ ಈಗ ಎಲ್ಲಿದೆ? ಎಷ್ಟು ಬೇಗ ಬಿಚ್ತೀರೋ ಅಷ್ಟು ಉಳಿಯುತ್ತೆ. ದಿನ ಕಳೆದಂಗೆ ಕನೆಕ್ಟರ್ ಒಳಗೆ ತಾಮ್ರ ಹಸಿರು ಬರೋಕೆ ಶುರು ಆಗುತ್ತೆ, ಅದು ಒಳಗೊಳಗೇ ತಿಂತಾ ಹೋಗುತ್ತೆ.

ಹೊರಮಾವು ಹುಡುಗ · ಜೂನ್ 4

ವರ್ಕ್‌ಶಾಪ್ ಯಾರ್ಡಲ್ಲಿ, ಬಿಸಿಲಲ್ಲಿ ನಿಂತಿದೆ. ಬ್ಯಾಟರಿ ಮೊದಲ ದಿನಾನೇ ಬಿಚ್ಚಿಸಿದೀನಿ. ಇವತ್ತು ಹೊಸ ಸುದ್ದಿ, ಡಿಸಿಷನ್ ತಡ ಮಾಡಿದ್ರೆ ದಿನಕ್ಕೆ ಇಷ್ಟು ಅಂತ ಪಾರ್ಕಿಂಗ್ ಚಾರ್ಜು, ಮೇಲೆ ಎಸ್ಟಿಮೇಟ್ ಮಾಡಿದ್ದಕ್ಕೂ ಚಾರ್ಜು ಅಂತಿದಾರೆ. ಅಲ್ಲಿಗೆ ಹೋಗ್ಬೇಕಾದ್ರೆ ಇದನ್ನ ಯಾರೂ ಹೇಳಿರ್ಲಿಲ್ಲ, ಬೇಜಾರಾಗೋದು ಅದಕ್ಕೇ.

ಟಿಂಕರ್ ಮಗ · ಜೂನ್ 4

ಸೀಟು, ಕಾರ್ಪೆಟ್ಟು ಬಿಚ್ಚಿ ಒಣಗಿಸೋಕೆ ಸರ್ವೇಯರಿಂದ ಇಮೇಲಲ್ಲಿ ಪರ್ಮಿಷನ್ ತಗೊಳಿ, ಫೋಟೋ ವಿಡಿಯೋ ಮಾಡಿಟ್ಕೊಂಡು ಬಿಚ್ಚಿಸಿ. ಕ್ಲೇಮ್ ಮುಗಿಯೋ ತನಕ ಗಾಡಿ ಕೊಳೀಲಿ ಅಂತ ಯಾವ ಪಾಲಿಸಿಯಲ್ಲೂ ಬರೆದಿಲ್ಲ, ಇನ್ನೂ ಹಾಳಾಗದಂಗೆ ನೋಡ್ಕೊಳೋದು ಓನರ್ ಜವಾಬ್ದಾರಿ ಅಂತಾನೇ ಬರೆದಿದೆ.

ಕೆಲಸದ ದಾರಿ ಹೇಳ್ತೀನಿ, ಯಾರ ಹತ್ರ ಮಾಡಿಸಿದ್ರೂ ಇದನ್ನ ಕೇಳಿ. ಇಂಜಿನ್ ಆಯಿಲ್ ಡಿಪ್ ಸ್ಟಿಕ್ ತೆಗೆದು ನೋಡಿ, ಹಾಲು ಹಾಕಿದ ಟೀ ಬಣ್ಣ ಇದ್ರೆ ನೀರು ಒಳಗೆ ಹೋಗಿದೆ. ಪ್ಲಗ್ ಬಿಚ್ಚಿ, ಇಂಜಿನ್ನ ಕೈಯಲ್ಲಿ ತಿರುಗಿಸಿ, ಸಿಲಿಂಡರಲ್ಲಿ ನೀರಿದ್ರೆ ಪ್ಲಗ್ ತೂತಲ್ಲಿ ಚಿಮ್ಮುತ್ತೆ. ಆಯಿಲ್ ಒಂದು ಸಲ ಅಲ್ಲ, ಎರಡು ಮೂರು ಸಲ ಬದಲಾಯಿಸಿ, ಕಡೇದು ಕ್ಲೀನಾಗಿ ಬರೋ ತನಕ. ಗೇರ್ ಆಯಿಲ್, ಬ್ರೇಕ್ ಆಯಿಲ್ ಎಲ್ಲಾ ಹೊಸದು. ಪೆಟ್ರೋಲ್ ಟ್ಯಾಂಕ್ ಇಳಿಸಿ ನೋಡ್ಬೇಕು, ಇದನ್ನ ಎಷ್ಟೋ ಜನ ಬಿಡ್ತಾರೆ, ಆಮೇಲೆ ಪಂಪ್ ಹೋಯ್ತು ಅಂತ ಅಳ್ತಾರೆ. ಹಿಂದಿನ ಡ್ರಮ್ ಬಿಚ್ಚಿ ಮಣ್ಣು ತೆಗೀಬೇಕು. ವೀಲ್ ಬೇರಿಂಗ್ ಇವತ್ತು ಸದ್ದು ಮಾಡಲ್ಲ, ಮೂರು ತಿಂಗಳಿಗೆ ಮಾಡುತ್ತೆ, ಈಗ್ಲೇ ಹಾಕಿ.

ಒಳಗೆ ಎಲ್ಲಾ ಬಿಚ್ಬೇಕು. ಕಾರ್ಪೆಟ್ ಮೇಲಿಂದ ಒಣಗಿದಂಗೆ ಕಾಣುತ್ತೆ, ಅದರ ಕೆಳಗಿನ ದಪ್ಪ ಫೋಮ್ ಹಿಂಡಿದ್ರೆ ಬಕೆಟ್ ನೀರು ಬರುತ್ತೆ. ಅದು ಹೊಸದೇ ಹಾಕಿ, ತೊಳೆದ್ರೂ ವಾಸನೆ ಹೋಗಲ್ಲ, ಕೆಳಗಿನ ತಗಡು ತುಕ್ಕು ಹಿಡಿಯುತ್ತೆ. ಬಾಗಿಲ ಕೆಳಗಿನ ಸಿಲ್‌ನಲ್ಲಿ ನೀರು ಹೋಗೋ ತೂತುಗಳು ಕೆಸರಿಂದ ಮುಚ್ಚಿರುತ್ತೆ, ಪಿನ್ ಹಾಕಿ ಬಿಡಿಸಿ. ಒಂದೊಂದು ಕನೆಕ್ಟರ್ರೂ ಎಳೆದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಕೂರಿಸ್ಬೇಕು, ಒಬ್ಬ ಒಳ್ಳೆ ವೈರಿಂಗ್ ಹುಡುಗನಿಗೆ ನಾಲ್ಕೈದು ದಿನದ ಕೆಲಸ, ಅದರಲ್ಲಿ ಚೌಕಾಸಿ ಮಾಡ್ಬೇಡಿ. ಸ್ಟಾರ್ಟರ್, ಆಲ್ಟರ್ನೇಟರ್, ಬ್ಲೋವರ್ ಮೋಟಾರ್ ಗುಜರಿದು ಹಾಕಬಹುದು, ತಪ್ಪಿಲ್ಲ. ಏರ್‌ಬ್ಯಾಗ್ ಮಾಡ್ಯೂಲ್ ಮಾತ್ರ ಗುಜರಿದು ಬೇಡವೇ ಬೇಡ. ಅದು ಕೂತಿರೋದೇ ಮಧ್ಯದ ಕನ್ಸೋಲ್ ಕೆಳಗೆ, ನೆಲಕ್ಕೆ ಹತ್ತಿರ, ನಿಮ್ಮ ಗಾಡಿಯಲ್ಲಿ ಖಂಡಿತ ಮುಳುಗಿದೆ. ಹೊಸದು ತಗೊಳಿ. ಮುಂದಿನ ಸೀಟ್ ಬೆಲ್ಟೂ ಅಷ್ಟೇ, ಅದರ ಎಳೆಯೋ ಯಂತ್ರ ಪಿಲ್ಲರ್ ಬುಡದಲ್ಲಿರುತ್ತೆ.

ತುಮಕೂರ್ ಟೀಚರ್ · ಜೂನ್ 4

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನಂದೂ ಇಂತದ್ದೇ, ಆದ್ರೆ ಲೋನ್ ಇನ್ನೂ 2 ವರ್ಷ ಇದೆ. ಇಟ್ಕೋಬಹುದಾ?

ಸರ್ವೇ ಕೆಲಸದವ · ಜೂನ್ 4

ಮೇಡಂ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರೋ ತನಕ ಟೋಟಲ್ ಲಾಸ್ ದುಡ್ಡು ಮೊದಲು ಬ್ಯಾಂಕಿಗೆ ಹೋಗುತ್ತೆ, ಬಾಕಿ ತೀರಿ ಉಳಿದಿದ್ದು ನಿಮಗೆ. ಗಾಡಿ ಇಟ್ಕೊಂಡ್ರೆ ಕೈಗೆ ಬರೋ ಮೊತ್ತ ಕಮ್ಮಿ, ಅದೂ ಬ್ಯಾಂಕಿಗೆ ಹೋದ್ರೆ ರಿಪೇರಿಗೆ ದುಡ್ಡು ಎಲ್ಲಿಂದ ತರ್ತೀರಿ ಅಂತ ಮೊದಲು ನೋಡಿ. ಬ್ಯಾಂಕಿಂದ ಇವತ್ತಿನ ಬಾಕಿ ಎಷ್ಟು ಅಂತ ಲೆಟರ್ ತಗೊಂಡೇ ಸರ್ವೇಯರ್ ಹತ್ರ ಮಾತಾಡಿ.

ಲೀಡ್ಸ್ ಕನ್ನಡಿಗ · ಜೂನ್ 5

ಇಲ್ಲಿ ಇಂಗ್ಲೆಂಡಲ್ಲಿ ಹೇಗಿದೆ ಅಂತ ಹೇಳ್ತೀನಿ, ಹೋಲಿಸಿ ನೋಡೋಕೆ ಉಪಯೋಗ ಆಗ್ಬಹುದು. ಇಲ್ಲಿ ರೈಟ್ ಆಫ್ ಆದ, ಅಂದ್ರೆ ಟೋಟಲ್ ಲಾಸ್ ಆದ ಗಾಡಿಗೆ ಒಂದು ಅಕ್ಷರ ಕೊಡ್ತಾರೆ, 2017ರ ಅಕ್ಟೋಬರಿಂದ ಎ, ಬಿ, ಎಸ್, ಎನ್ ಅಂತ. ಎ ಅಂದ್ರೆ ಪೂರ್ತಿ ಪುಡಿ ಮಾಡ್ಬೇಕು, ಬಿ ಅಂದ್ರೆ ಬಿಡಿಭಾಗ ತೆಗೀಬಹುದು ಆದ್ರೆ ಬಾಡಿ ಪುಡಿ ಆಗ್ಲೇಬೇಕು, ಇವೆರಡೂ ಯಾವತ್ತೂ ರೋಡಿಗೆ ಬರೋ ಹಾಗಿಲ್ಲ. ಎಸ್ ಅಂದ್ರೆ ಗಾಡಿಯ ಅಸ್ಥಿಪಂಜರಕ್ಕೇ ಪೆಟ್ಟು, ರಿಪೇರಿ ಮಾಡಿ ಓಡಿಸ್ಬಹುದು. ಎನ್ ಅಂದ್ರೆ ಅಸ್ಥಿಪಂಜರ ಸರಿ ಇದೆ, ಬೇರೆ ಏನೋ ಹೋಗಿದೆ. ನನ್ನ ಹಳೇ ಹೋಂಡಾ ಜಾಝ್‌ಗೆ ಹಿಂದಿಂದ ಗುದ್ದಿದಾಗ ಎನ್ ಬಂತು, ಸಾಲ್ವೇಜ್ ಬೆಲೆ ಹಿಡ್ಕೊಂಡು ಉಳಿದಿದ್ದು ಕೊಟ್ರು, ಗಾಡಿ ನಂದೇ, ಬಂಪರು ಡಿಕ್ಕಿ ಬಾಗಿಲು ಸ್ಕ್ರಾಪ್ ಯಾರ್ಡಿಂದ ತಂದು ಹಾಕಿಸಿ ಈಗ್ಲೂ ಓಡಿಸ್ತಿದೀನಿ. ಎಸ್ ಆಗಿದ್ರೆ ಲಾಗ್‌ಬುಕ್ (ಇಲ್ಲಿನ ಆರ್‌ಸಿ) ಕಳಿಸಿ ಹೊಸದು ತರಿಸ್ಬೇಕು, ಅದರ ಮೇಲೆ ಆ ಗುರುತು ಬೀಳುತ್ತೆ.

ಮಾರೋವಾಗ ಬೆಲೆ ಬಿದ್ದು ಹೋಗುತ್ತೆ, ನಿಜ. ಆದ್ರೆ ಕೊಳ್ಳೋನಿಗೆ ಗೊತ್ತಿರುತ್ತೆ. ನಮ್ಮೂರಲ್ಲಿ ಆರ್‌ಸಿಯಲ್ಲಿ ಇಂತಾ ಅಕ್ಷರ ಇಲ್ಲ. ಅದರಿಂದ ಪ್ರಾಮಾಣಿಕ ಓನರಿಗೂ ತೊಂದರೆ, ಕೊಳ್ಳೋನಿಗೂ ತೊಂದರೆ. ರದ್ದು ಆಗ್ಬೇಕು ಇಲ್ಲಾಂದ್ರೆ ಏನೂ ಆಗದ ಹಾಗೆ ಇರ್ಬೇಕು, ಮಧ್ಯದಲ್ಲಿ ಏನೂ ಇಲ್ಲ.

ಹೊರಮಾವು ಹುಡುಗ · ಜೂನ್ 9

ಅಪ್‌ಡೇಟ್. ಸರ್ವೇ ರಿಪೋರ್ಟ್ ಬಂತು! ಮೂರು ಇಮೇಲ್ ಹಾಕಿದ್ಮೇಲೆ. ಸರ್ವೇಯರ್ ಅಸೆಸ್ ಮಾಡಿರೋದು ಡಿಪ್ರಿಸಿಯೇಷನ್ ಕಳೆದು 2,41,000. ಐಡಿವಿಗೆ ಹೋಲಿಸಿದ್ರೆ 67%. 75% ದಾಟೇ ಇಲ್ಲ!! ಆದ್ರೂ ಟೋಟಲ್ ಲಾಸ್ ಅಂದಿದಾರೆ, ಯಾಕೆ ಅಂದ್ರೆ ಬಿಚ್ಚಿದ್ಮೇಲೆ ಇನ್ನೂ ಜಾಸ್ತಿ ಆಗಬಹುದು ಅಂತ ಒಂದು ಸಾಲು.

ನಾನು ಬರೆದೆ, ನಿಮ್ಮ ರಿಪೋರ್ಟ್ ಪ್ರಕಾರವೇ ಇದು ಟೋಟಲ್ ಲಾಸ್ ಅಲ್ಲ, ರಿಪೇರಿ ಬೇಸಿಸ್ ಮೇಲೆ ಸೆಟಲ್ ಮಾಡಿ ಅಥವಾ ಕ್ಯಾಶ್ ಲಾಸ್ ಕೊಡಿ, ಆರ್‌ಸಿ ನಾವು ಒಪ್ಪಿಸಲ್ಲ, ಇದು ಅಂಗವಿಕಲರ ಅಡಾಪ್ಟೆಡ್ ಗಾಡಿ, ಆ ಎಂಟ್ರಿಗೆ ನೀವೇ ಓಡಿ (ಓನ್ ಡ್ಯಾಮೇಜ್, ಅಂದ್ರೆ ನಮ್ಮ ಗಾಡಿಯ ಹಾನಿಗೆ ಕವರ್) ಪ್ರೀಮಿಯಂ ಅರ್ಧ ಕಮ್ಮಿ ಮಾಡಿದೀರ ಅಂತ. ನಾಳೆ ತನಕ ಕಾಯ್ತೀನಿ, ಆಮೇಲೆ?

ಸರ್ವೇ ಕೆಲಸದವ · ಜೂನ್ 9

ಚೆನ್ನಾಗಿ ಬರೆದಿದೀರ. ಆಮೇಲೆ ಕಂಪನಿಯ ಗ್ರೀವೆನ್ಸ್ ಆಫೀಸರಿಗೆ ದೂರು, ಜೊತೆಗೆ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐನ ಬಿಮಾ ಭರೋಸಾ ಅನ್ನೋ ದೂರು ಪೋರ್ಟಲಲ್ಲೂ ಹಾಕಿ. 2024ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಸರ್ವೇಯರ್ ರಿಪೋರ್ಟಿಗೆ 15 ದಿನ, ರಿಪೋರ್ಟ್ ಬಂದ್ಮೇಲೆ ಕಂಪನಿ ತೀರ್ಮಾನಕ್ಕೆ 7 ದಿನ. ತಾರೀಖುಗಳನ್ನ ಹಾಗೇ ಬರೀರಿ, ಕೋಪದ ಮಾತು ಬೇಡ. ಒಂದು ತಿಂಗಳು ಉತ್ತರ ಬರದಿದ್ರೆ ಅಥವಾ ಉತ್ತರ ಸರಿ ಇಲ್ಲದಿದ್ರೆ ಜೆ.ಪಿ. ನಗರದಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಆಫೀಸಿದೆ, ಇಡೀ ಕರ್ನಾಟಕಕ್ಕೆ ಅದೇ, ಫೀಸಿಲ್ಲ, ಲಾಯರ್ ಬೇಕಿಲ್ಲ. ಕಂಪನಿ ಕೊನೇ ಉತ್ತರ ಕೊಟ್ಟ ಒಂದು ವರ್ಷದೊಳಗೆ ಹೋಗ್ಬೇಕು. ಒಂದು ಎಚ್ಚರ, "ಪೂರ್ತಿ ಮತ್ತು ಅಂತಿಮ" ಅಂತ ಡಿಸ್ಚಾರ್ಜ್ ವೋಚರಿಗೆ ಸೈನ್ ಹಾಕಿ ದುಡ್ಡು ತಗೊಂಡ್ಮೇಲೆ ವಾದ ಮಾಡೋದು ಕಷ್ಟ ಆಗುತ್ತೆ.

ಗೋಕಾಕ ಮಂದಿ · ಜೂನ್ 9

ನನಗ ಅವಾಗ ಇಷ್ಟ ಹೇಳಾವ್ರ ಒಬ್ರು ಇದ್ದಿದ್ರ ಸಾಕಾಗಿತ್ರಿ. ನೀವು ಬಿಡಬ್ಯಾಡ್ರಿ.

ಹೊರಮಾವು ಹುಡುಗ · ಜೂನ್ 21

ಆಯ್ತು ಎಲ್ರಿಗೂ ಥ್ಯಾಂಕ್ಸ್!! ಗ್ರೀವೆನ್ಸ್ ದೂರು ಹಾಕಿದ ಎಂಟನೇ ದಿನಕ್ಕೆ ಬೇರೆ ಆಫೀಸರ್ ಫೋನ್ ಮಾಡಿದ್ರು, ಸಮಾಧಾನವಾಗಿ ಮಾತಾಡಿದ್ರು. ಮೊದಲು 1,80,000 ಅಂದ್ರು, ಕೊನೆಗೆ ಕ್ಯಾಶ್ ಲಾಸ್ 2,05,000. ಆರ್‌ಸಿ ನಮ್ಮ ಹತ್ರಾನೇ, ಸೆಟಲ್‌ಮೆಂಟ್ ಲೆಟರಲ್ಲಿ ಆರ್‌ಸಿ ರದ್ದತಿ ಇಲ್ಲ ಅಂತ ಒಂದು ಸಾಲು ಬರೆಸಿಕೊಂಡೇ ಸೈನ್ ಹಾಕಿದ್ದು. ರಿಪೇರಿ ಆಗಿ ಅವರು ರೀಇನ್‌ಸ್ಪೆಕ್ಷನ್ ಮಾಡೋ ತನಕ ಓಡಿ ಕವರ್ ಇರಲ್ಲ, ಥರ್ಡ್ ಪಾರ್ಟಿ ಇರುತ್ತೆ ಅಂತ ಷರತ್ತು, ಒಪ್ಕೊಂಡೆ. ವರ್ಕ್‌ಶಾಪ್ ಪಾರ್ಕಿಂಗು ಎಸ್ಟಿಮೇಟು ಅಂತ 11,000 ಕಿತ್ಕೊಂಡ್ರು, ಅದಕ್ಕೆ ಮತ್ತೆ ಜಗಳ ಆಡೋಕೆ ನನಗೆ ಶಕ್ತಿ ಇರ್ಲಿಲ್ಲ. ನಿನ್ನೆ ಗಾಡಿನ ಟೋ ಮಾಡ್ಸಿ ಗ್ಯಾರೇಜಿಗೆ ಬಿಟ್ಟಿದೀನಿ.

ಎನ್‌ಸಿಬಿ (ಕ್ಲೇಮ್ ಮಾಡ್ದೆ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ) 50% ಇತ್ತು, ಅದು ಸೊನ್ನೆ ಆಗುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ ಮುಂದೆ ಓದೋರು.

ಹೊರಮಾವು ಹುಡುಗ · ಆಗಸ್ಟ್ 17

ಗಾಡಿ ಮನೆಗೆ ಬಂದು ಮೂರು ವಾರ ಆಯ್ತು. ಲೆಕ್ಕ ಕೊಡ್ತೀನಿ, ಯಾರಿಗಾದ್ರೂ ಬೇಕಾಗುತ್ತೆ.

ಬಿಚ್ಚಿ ತೊಳೆದು ವೈರಿಂಗ್ ಪೂರ್ತಿ ನೋಡಿ ವಾಪಸ್ ಕಟ್ಟೋಕೆ ಲೇಬರ್ 38,000. ಬಾಡಿ ಕಂಟ್ರೋಲ್ ಮಾಡ್ಯೂಲ್, ಏರ್‌ಬ್ಯಾಗ್ ಮಾಡ್ಯೂಲ್, ಮುಂದಿನ ಎರಡು ಬೆಲ್ಟ್, ಎಲ್ಲಾ ಹೊಸದು, 56,000. ಎಜಿಎಸ್ ಕಡೆ ಕೆಲಸಕ್ಕೆ 34,000, ಇದು ಅನಿರೀಕ್ಷಿತ, ಮೊದಲ ವಾರ ಗೇರ್ ಬೀಳ್ತಿತ್ತು ಆಮೇಲೆ ನ್ಯೂಟ್ರಲ್‌ನಲ್ಲೇ ನಿಂತ್ಕೊಳ್ತಿತ್ತು. ಸ್ಟಾರ್ಟರ್, ಆಲ್ಟರ್ನೇಟರ್, ಬ್ಲೋವರ್ ಸೆಕೆಂಡ್ ಹ್ಯಾಂಡ್, ಬ್ಯಾಟರಿ ಹೊಸದು, 21,000. ಆಯಿಲ್‌ಗಳು, ಬೇರಿಂಗು, ಬ್ರೇಕು 16,000. ಕಾರ್ಪೆಟ್ಟು ಫೋಮು 9,000. ಒಟ್ಟು 1,74,000. ಬಂದಿದ್ದು 2,05,000, ಆ 11,000 ಕಳೆದ್ರೆ ಕೈಯಲ್ಲಿ ಉಳಿದಿದ್ದು 20,000. ಅದನ್ನ ಮುಟ್ಟಲ್ಲ, ಮಳೆಗಾಲ ಕಳೆಯೋದ್ರೊಳಗೆ ಏನಾದ್ರೂ ಕೈ ಕೊಟ್ರೆ ಬೇಕಾಗುತ್ತೆ.

ಹ್ಯಾಂಡ್ ಕಂಟ್ರೋಲಿಗೆ ಏನೂ ಆಗಿರ್ಲಿಲ್ಲ. ಅದು ಬರೀ ಕಬ್ಬಿಣದ ಸಲಾಕೆ, ಕೀಲು, ಕೇಬಲ್. ತುಕ್ಕು ಉಜ್ಜಿ ಗ್ರೀಸ್ ಹಾಕಿ, ಹಾಕಿಕೊಟ್ಟ ಫಿಟ್ಟರ್ ಹತ್ರಾನೇ ಮತ್ತೆ ಚೆಕ್ ಮಾಡಿಸಿದೆ, ಬ್ರೇಕ್ ಕಡೆ ಪಿನ್ ಒಂದು ಬದಲಾಯಿಸಿದ್ರು.

ರೀಇನ್‌ಸ್ಪೆಕ್ಷನ್ ಆಗಿದೆ, ಓಡಿ ಕವರ್ ವಾಪಸ್ ಬಂದಿದೆ. ಬಿಲ್ಲು, ಫೋಟೋ, ಹಳೇ ಮಾಡ್ಯೂಲು ಎಲ್ಲಾ ಒಂದು ಡಬ್ಬದಲ್ಲಿ ಇಟ್ಟಿದೀನಿ. ಮುಂದೆ ಯಾವತ್ತಾದ್ರೂ ಮಾರಿದ್ರೆ ನೀರಲ್ಲಿ ನಿಂತ ಗಾಡಿ ಅಂತ ಹೇಳೇ ಮಾರೋದು, ಡಬ್ಬಾನೂ ಕೊಟ್ಟುಬಿಡೋದು.

ಟಿಂಕರ್ ಮಗ · ಆಗಸ್ಟ್ 17

ಸಂತೋಷ ಆಯ್ತು ಬ್ರದರ್. ಇನ್ನಾರು ತಿಂಗಳು ಹುಷಾರು. ಮೀಟರಲ್ಲಿ ಯಾವ ಲೈಟ್ ಬಂದ್ರೂ ಆಮೇಲೆ ನೋಡೋಣ ಅನ್ಬೇಡಿ, ಅದೂ ಏರ್‌ಬ್ಯಾಗ್ ಲೈಟು. ದೂರದೂರಿಗೆ ಈಗ್ಲೇ ಬೇಡ, ಊರೊಳಗೇ ಓಡಿಸಿ.

ಗೋಕಾಕ ಮಂದಿ · ಆಗಸ್ಟ್ 18

ಅಪ್ಪಾರಿಗೆ ನಮಸ್ಕಾರ ತಿಳಸ್ರಿ. ನನ್ನ ಗಾಡಿ ಏನ್ ಮಾಡ್ಲಿ ಅಂತ ಸರ್ವೇ ಅಣ್ಣಾರ ಹೇಳ್ತೀರೇನು? ಗುಜರಿಯವ್ರು ಬಂದು ಕೇಳಾಕತ್ತಾರ, ಕೊಡಾಕ ಅಂಜಿಕಿ ಆಗ್ತೈತಿ. ನೀವು ಆ ಚಾಸಿಸ್ ನಂಬರಿನ ಮಾತ ಹೇಳಿದ ಮ್ಯಾಲಂತೂ.

ಸರ್ವೇ ಕೆಲಸದವ · ಆಗಸ್ಟ್ 18

ಸುಮ್ನೆ ಬಂದೋರಿಗೆ ಕೊಡ್ಬೇಡಿ, ಅಂಜಿಕೆ ಸರಿಯಾಗಿದೆ. ಸರ್ಕಾರದಲ್ಲಿ ನೋಂದಣಿ ಆಗಿರೋ ಸ್ಕ್ರಾಪಿಂಗ್ ಕೇಂದ್ರಕ್ಕೇ ಕೊಡಿ, ಬೆಲೆ ಸ್ವಲ್ಪ ಕಮ್ಮಿ ಬಂದ್ರೂ ಪರವಾಗಿಲ್ಲ. ಅವರು ಗಾಡಿ ತಗೊಂಡಿದ್ದಕ್ಕೆ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಕೊಡ್ತಾರೆ, ಆಮೇಲೆ ಒಡೆದಿದ್ದಕ್ಕೂ ಸರ್ಟಿಫಿಕೇಟ್ ಕೊಡ್ತಾರೆ, ಎರಡೂ ಜೋಪಾನ. ಹೊಸದಾಗಿ ಹಾಕ್ಸಿರೋ ಬ್ಯಾಟರಿ, ಟಯರು, ಸ್ಟೀರಿಯೋ ಮೊದಲೇ ಬಿಚ್ಚಿ ಮಾರ್ಕೊಳಿ, ಕೇಂದ್ರದವರನ್ನ ಒಂದ್ಸಲ ಕೇಳಿ ಬಿಚ್ಚಿ. ಕೊಡೋ ದಿನ ಗಾಡಿ ನಂಬರು, ಚಾಸಿಸ್ ನಂಬರು ಕಾಣೋ ಹಾಗೆ ತಾರೀಖಿನ ಸಮೇತ ಫೋಟೋ ತೆಗೆದಿಟ್ಕೊಳಿ.

ಗೋಕಾಕ ಮಂದಿ · ಆಗಸ್ಟ್ 18

ಆತ್ರೀ. ಹಬ್ಬ ಮುಗದ ಮ್ಯಾಲ ಕಳಸ್ತೇನಿ.